ಹಿಮ್ಮೇಳವಿಲ್ಲದ ದನಿ: ಹಾವೇರಿ ಸೀಮೆಯ ಇಂಗ್ಲಿಷ್ ಕಲಿಕೆ ಮತ್ತು ಯಂತ್ರಸಾಧನಗಳು

ಕರ್ನಾಟಕದ ಇಂಗ್ಲಿಷ್ ಶಿಕ್ಷಣದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ಬಗೆಯ ಆಕರಗಳನ್ನು ನೆಚ್ಚಿಕೊಂಡಿದ್ದಾರೆ. ಸರ್ಕಾರದ ಆಜ್ಞೆಗಳು, ಸಮಿತಿಗಳ ವರದಿಗಳು ಮತ್ತು ಭಾಷಾನೀತಿಯ ವಾಗ್ವಾದಗಳು ಒಂದು ಬಗೆ. ಪಠ್ಯಪುಸ್ತಕ, ನಿಘಂಟು, ವ್ಯಾಕರಣಗಳು ಇನ್ನೊಂದು. ಕಲಿಸುವ ಕೋಣೆಯಲ್ಲಿ ಯಾವ ವಸ್ತುಗಳಿದ್ದವು, ಅವುಗಳಿಂದ ಯಾರ ದನಿ ಹೊರಟಿತು, ಆ ದನಿಗೆ ಮಕ್ಕಳು ಬಾಯಿ ತೆರೆದರೇ ಎಂಬ ಪ್ರಶ್ನೆಗಳು ಈ ಬರವಣಿಗೆಯಲ್ಲಿ ಹಿಂದೆ ಸರಿದಿವೆ. ಜಾನಪದ ಅಧ್ಯಯನಕ್ಕಾದರೋ ಇವು ಹೊಸ ಪ್ರಶ್ನೆಗಳಲ್ಲ. ಯಾವುದೇ ಮೌಖಿಕ ಪಠ್ಯದ ಎದುರು ಅದು ಮೊದಲು ಕೇಳುವುದು ಹಾಡುವವರು ಯಾರು, ಆಲಿಸುವವರು ಯಾರು, ಮರುದನಿ ಕೊಡುವವರು ಯಾರು ಎಂದೇ. ಇದೇ ಪ್ರಶ್ನೆಯನ್ನು ಶಾಲೆಯ ಪಾಟಿ, ರೇಡಿಯೋ, ದೂರದರ್ಶನ, ಕಂಪ್ಯೂಟರುಗಳ ಮುಂದಿಟ್ಟು, ಹಾವೇರಿ ಸೀಮೆಯ ಅನುಭವವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಗಿನೆಲೆಯ ನೆಲೆ

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಇಂಥ ಪರಿಶೀಲನೆಗೆ ತಕ್ಕ ನೆಲೆಯಾಗಿದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಹರಿಹರ ರೈಲುದಾರಿಯ ಮೇಲಿನ ಊರುಗಳು. ಕಾಗಿನೆಲೆ ಹಳಿಯಿಂದ ಒಳಗಿದೆ. ರೈಲು, ಪೇಟೆ, ಕೋರ್ಟುಗಳ ಮೂಲಕ ಬಂದ ಹೊಸ ಮಾತು ಮೊದಲು ಆ ಮೂರು ಊರುಗಳಲ್ಲಿ ಇಳಿದು ಆಮೇಲೆ ಒಳನಾಡಿಗೆ ನಡೆದಿದೆ. ಕಾಗಿನೆಲೆಗೆ ತನ್ನದೇ ಆದ ಹಳೆಯ ಕೇಳ್ಮೆಯ ಸಂಪ್ರದಾಯವೂ ಉಂಟು. ಕನಕದಾಸರ ಕಾವ್ಯಗಳನ್ನು ವಿದ್ವಾಂಸರು ಓದಿ ವಿವೇಚಿಸಿದ್ದಾರೆ. ಆದರೆ ಅವರ ಕೀರ್ತನೆಗಳು ಮತ್ತು ಮುಂಡಿಗೆಗಳು ಜನರಲ್ಲಿ ಉಳಿದದ್ದು ಭಜನೆಯ ಮೇಳಗಳಿಂದ. ಮುಂಡಿಗೆಯೆಂದರೆ ಒಗಟಿನ ಹಾಡು. ಅದು ಕೇಳುಗನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಅರ್ಥವನ್ನು ಬಿಡಿಸಿ ಹೇಳೆಂದು ಬೇಡುತ್ತದೆ. ಭಜನೆಯಲ್ಲಿಯೂ ಒಬ್ಬನು ಎತ್ತಿಕೊಟ್ಟ ನುಡಿಯನ್ನು ಉಳಿದವರು ಹಿಡಿದು ಮರಳಿಸಬೇಕು.

ಹಾಲುಮತದವರ ಡೊಳ್ಳಿನ ಪದದಲ್ಲಿ ಈ ವ್ಯವಸ್ಥೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮುಮ್ಮೇಳದವನು ಪದ ಎತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಹಿಮ್ಮೇಳವು ಕೇವಲ ಪುನರುಚ್ಚಾರವೆಂದು ಭಾವಿಸುವುದು ತಪ್ಪು. ಅದು ಮುಮ್ಮೇಳದವನಿಗೆ ಉಸಿರು ತಿರುಗಿಸಿಕೊಳ್ಳಲು ಎಡೆ ಕೊಡುತ್ತದೆ, ಅವನು ಮುಂದಿನ ಸಾಲಿಗಾಗಿ ತಡವರಿಸಿದರೆ ಸೊಲ್ಲನ್ನು ಇನ್ನೊಂದು ಸುತ್ತು ಎಳೆಯುತ್ತದೆ, ಅವನ ತಾಳ ಜಾರಿದರೆ ಎತ್ತಿ ನಿಲ್ಲಿಸುತ್ತದೆ. ಹೊಸಬನು ಕಲಿಯುವುದೂ ಇಲ್ಲಿಯೇ. ಅವನು ಮೊದಲು ಹಿಮ್ಮೇಳದ ಅಂಚಿನಲ್ಲಿ ನಿಂತು ಹತ್ತು ದನಿಗಳ ನಡುವೆ ತನ್ನ ದನಿ ಸೇರಿಸುತ್ತಾನೆ. ಅವನ ತಪ್ಪು ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ಕೇಳಿಸದ್ದರಿಂದ ಅವನಿಗೆ ನಾಚಿಕೆಯೂ ಇಲ್ಲ. ವರ್ಷಗಳು ಕಳೆದು ನಾಲಗೆ ಪಳಗಿದ ಮೇಲೆ ಮುಂದಕ್ಕೆ ಬರುತ್ತಾನೆ. ಪರಕೀಯ ಭಾಷೆಯೊಂದನ್ನು ಕಲಿಯುವ ಮಗುವಿಗೆ ಅತ್ಯಗತ್ಯವಾದದ್ದೂ ನಾಚದೆ ಬಾಯಿ ತೆರೆಯುವ ಈ ಅವಕಾಶವೇ ಆಗಿದೆ. ಮುಂದೆ ಪ್ರಸ್ತಾಪವಾಗುವ ಪ್ರತಿಯೊಂದು ಸಾಧನವನ್ನೂ ಅಳೆಯಲು ಇದೇ ಸರಿಯಾದ ಅಳತೆಗೋಲು.

ಮರಳು, ಪಾಟಿ, ಪುಸ್ತಕ

ಇಂಗ್ಲಿಷ್ ಬೋಧನೆಯ ಸಾಧನಗಳೆಲ್ಲ ಪಶ್ಚಿಮದಿಂದ ಇತ್ತ ಬಂದವು ಎಂಬ ನಂಬಿಕೆ ವ್ಯಾಪಕವಾಗಿದೆ. ಮೊದಲ ಸಾಧನವೇ ಈ ನಂಬಿಕೆಗೆ ಎದುರು ನಿಲ್ಲುತ್ತದೆ. ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಅಳವಡಿಸಿದನು. ಮುಂದೆ ಬಲ್ಲ ಹುಡುಗನೇ ಕಿರಿಯರಿಗೆ ಕಲಿಸುವ ಕ್ರಮವನ್ನೂ ಅದಕ್ಕೆ ಜೋಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಆ ಕುರಿತು ಪುಸ್ತಕ ಪ್ರಕಟಿಸಿದನು. ‘ಮದರಾಸು ಪದ್ಧತಿ’ ಎಂದು ಹೆಸರಾದ ಈ ಕ್ರಮದಿಂದ ಇಂಗ್ಲೆಂಡಿನ ಬಡವರ ಮಕ್ಕಳು ತಮ್ಮ ಮಾತೃಭಾಷೆಯ ಅಕ್ಷರಗಳನ್ನು ಮರಳಿನ ಮೇಲೆ ತಿದ್ದಿದರು. ಹೀಗೆ ಇಂಗ್ಲಿಷ್ ಅಕ್ಷರ ಕಲಿಸುವ ಅಗ್ಗದ ಸಾಧನವೊಂದು ಇಲ್ಲಿಂದಲೇ ಅಲ್ಲಿಗೆ ಹೋದದ್ದು ಗಮನಾರ್ಹ.

1818ರಲ್ಲಿ ಪೇಶವೆಯ ಆಳಿಕೆ ಮುಗಿದ ಮೇಲೆ ಈ ಸೀಮೆಯ ಹೆಚ್ಚಿನ ಭಾಗ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿ ಉಳಿಯಿತು. ಸರ್ಕಾರಿ ಶಾಲೆಗಳು ಬರುವ ಮುನ್ನ ಇದ್ದ ಗಾಂವಠಿ ಶಾಲೆಗಳಲ್ಲಿ ಮಗ್ಗಿ, ಕಾಗುಣಿತಗಳನ್ನು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದರು. ಅದು ಹಿಮ್ಮೇಳದ ಕ್ರಮವೇ. ಸರ್ಕಾರಿ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವನ್ನು ತಗ್ಗಿಸಿ ಕನ್ನಡವನ್ನು ನೆಲೆಗೊಳಿಸಲು ಡೆಪ್ಯುಟಿ ಚನ್ನಬಸಪ್ಪನವರು ಶ್ರಮಿಸಿದ ಸಂಗತಿ ಸುಪರಿಚಿತ. ಈ ವ್ಯವಸ್ಥೆಯಲ್ಲಿ ಕನ್ನಡ ಶಾಲೆಯ ಕೊನೆಗೆ ಮುಲ್ಕಿ ಪರೀಕ್ಷೆ ಇತ್ತು. ಇಂಗ್ಲಿಷ್ ಬೇಕೆನ್ನುವವರು ಕನ್ನಡ ನಾಲ್ಕನೆಯ ಇಯತ್ತೆಯ ನಂತರ ಇಂಗ್ಲಿಷ್ ಶಾಲೆಯ ಮೊದಲನೆಯ ಇಯತ್ತೆಗೆ ಹೋಗಬೇಕಿತ್ತು. ಅಂಥ ಶಾಲೆ ಹಳ್ಳಿಗಳಲ್ಲಿ ಇರಲಿಲ್ಲ.

ಆ ಶಾಲೆಗಳ ಇಂಗ್ಲಿಷ್ ಕಣ್ಣಿನ ಇಂಗ್ಲಿಷ್. ಪುಸ್ತಕ, ಪಾಟಿ, ಕಪ್ಪು ಹಲಗೆ, ಭಾಷಾಂತರದ ಅಭ್ಯಾಸ ಇವೇ ಅದರ ಸಲಕರಣೆಗಳು. ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೂ ಕನ್ನಡ ವಾಕ್ಯವನ್ನು ಇಂಗ್ಲಿಷಿಗೂ ತಿರುಗಿಸಿ ಬರೆಯುವುದು ವಿದ್ವತ್ತಿನ ಲಕ್ಷಣವಾಗಿತ್ತು. ಈ ಪದ್ಧತಿಯನ್ನು ಇಪ್ಪತ್ತನೆಯ ಶತಮಾನದ ಬೋಧನಾತಜ್ಞರು ಸಾರಾಸಗಟಾಗಿ ನಿಂದಿಸಿದ್ದಾರೆ. ಆದರೆ ಎರಡೂ ಭಾಷೆಗಳಲ್ಲಿ ಬರೆಯಬಲ್ಲ ಒಂದು ತಲೆಮಾರನ್ನು ಧಾರವಾಡಕ್ಕೆ ಕೊಟ್ಟದ್ದೂ ಅದೇ ಪದ್ಧತಿ. ಅದರ ದೋಷ ಬೇರೆಡೆ ಇತ್ತು. ಇಂಗ್ಲಿಷಿನ ದನಿಯೆಂದರೆ ಮಾಸ್ತರರ ದನಿ ಒಂದೇ. ಮಾಸ್ತರರೂ ಅದನ್ನು ಪುಸ್ತಕದಿಂದಲೇ ಕಲಿತವರು.

ಕಿವಿಯ ಇಂಗ್ಲಿಷ್

ಶಾಲೆಯ ಹೊರಗೆ ಇಂಗ್ಲಿಷು ಬೇರೊಂದು ದಾರಿಯಿಂದ ಬಂದಿತು. ರೈಲಿನ ಸಂಗಡ ಟಿಕೀಟು, ಟೇಶನ್ನು, ಸಿಗ್ನಲ್ಲುಗಳು ಬಂದವು. ಹತ್ತಿಯ ಸಂಗಡ ಜಿನ್ನು, ಪ್ರೆಸ್ಸುಗಳು ಬಂದವು. ಕೋರ್ಟಿನಿಂದ ಅಪೀಲು, ವಾರಂಟುಗಳು ಬಂದವು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ಮುಲ್ಕಿ ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಹೊಸದಾಗಿ ಬಂದ ಗಿರಣಿಯನ್ನೇ ರೂಪಕವಾಗಿಸಿ ಅವರು ತತ್ವಪದ ಕಟ್ಟಿದ್ದಾರೆ. ಯಂತ್ರವೊಂದು ಈ ಸೀಮೆಗೆ ಕಾಲಿಟ್ಟ ಕೂಡಲೇ ಅದನ್ನು ಬಾಯಿಗೆ ಒಗ್ಗಿಸಿಕೊಳ್ಳುವ ಶಕ್ತಿ ಮೌಖಿಕ ಪರಂಪರೆಗೆ ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೀಗೆ ಕಿವಿಯಿಂದ ಬಂದ ಮಾತುಗಳಿಗೆ ಕನ್ನಡದ ನಾಲಗೆ ತನ್ನ ನಿಯಮವನ್ನು ಹೇರಿತು. ವ್ಯಂಜನದಲ್ಲಿ ಮುಗಿಯುವ ಶಬ್ದಕ್ಕೆ ಉಕಾರ ಸೇರಿ ಬಸ್ಸು, ರೈಲು, ಲಾಟು ಆದವು. ಸಕಾರದ ಒತ್ತಕ್ಷರದಿಂದ ಮೊದಲಾಗುವ ಶಬ್ದವು ಒಂದೋ ಮುಂದೆ ಇಕಾರ ಪಡೆದು ಇಸ್ಕೂಲು ಆಯಿತು, ಇಲ್ಲವೆ ಸಕಾರವನ್ನೇ ಕಳೆದುಕೊಂಡು ಟೇಶನ್ನು ಆಯಿತು. ಇವು ಅಜ್ಞಾನದ ತಪ್ಪುಗಳಲ್ಲ, ಕನ್ನಡ ಶಬ್ದರಚನೆಯ ನಿಯಮಕ್ಕೆ ವಿಧೇಯವಾದ ರೂಪಾಂತರಗಳು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲಾಟು, ಟೆಂಡರುಗಳನ್ನೂ, ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೈಬ್ರಿಡ್, ಕ್ರಾಸಿಂಗುಗಳನ್ನೂ ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ನಿಸ್ಸಂಕೋಚವಾಗಿ ಆಡುತ್ತಾರೆ. ಪರೀಕ್ಷೆಯಿಲ್ಲದ ಕಡೆ ನಾಚಿಕೆಯೂ ಇಲ್ಲವಷ್ಟೆ. ಅರ್ಥವಾಗದ ಇಂಗ್ಲಿಷನ್ನು ಜನರು ‘ಟಸ್ಸುಪುಸ್ಸು’ ಎಂದು ಹಾಸ್ಯ ಮಾಡುವುದುಂಟು. ಊಷ್ಮಾಕ್ಷರಗಳೂ ವ್ಯಂಜನಾಂತ್ಯಗಳೂ ದಟ್ಟವಾಗಿರುವ ಭಾಷೆಯೊಂದು ಸ್ವರಾಂತ್ಯಕ್ಕೆ ಒಗ್ಗಿದ ಕಿವಿಗೆ ಹೇಗೆ ಬಡಿಯುತ್ತದೆಂಬುದರ ಚುರುಕಾದ ವರ್ಣನೆ ಅದು. ಧ್ವನಿಶಾಸ್ತ್ರಜ್ಞರು ನಕ್ಕು ಬಿಡಬೇಕಾದ ಮಾತಲ್ಲ.

ಕಣ್ಣಿನ ಇಂಗ್ಲಿಷು ಶಾಲೆಯೊಳಗೆ, ಕಿವಿಯ ಇಂಗ್ಲಿಷು ಶಾಲೆಯ ಹೊರಗೆ. ಇವೆರಡೂ ಬಹುಕಾಲ ಸಂಧಿಸಲೇ ಇಲ್ಲ. ಸ್ವಾತಂತ್ರ್ಯದ ನಂತರ ಮುಂಬಯಿ ಸರ್ಕಾರವು ಐದರಿಂದ ಏಳನೆಯ ತರಗತಿಗಳ ಇಂಗ್ಲಿಷನ್ನು ಕೈಬಿಟ್ಟು ಎಂಟನೆಯ ತರಗತಿಯಿಂದ ಕಲಿಸುವಂತೆ ಮಾಡಿದಾಗ, ಈ ಸೀಮೆಯ ಮಕ್ಕಳಿಗೆ ಶಾಲೆಯ ಇಂಗ್ಲಿಷ್ ಇನ್ನಷ್ಟು ತಡವಾಯಿತು. ಶಾಲಾಂತ್ಯದ ಪರೀಕ್ಷೆಯಲ್ಲಿ ಮಾತ್ರ ಅದು ಹಾಗೆಯೇ ಕಾದು ಕುಳಿತಿತ್ತು. ಇಂಗ್ಲಿಷಿನಲ್ಲಿ ನಪಾಸಾದವನಿಗೆ ಉಳಿದ ವಿಷಯಗಳ ಜಾಣ್ಮೆ ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ. ಯಂತ್ರಸಾಧನಗಳ ಚರ್ಚೆಯ ಹಿಂದೆ ಇರುವ ನಿಜವಾದ ಪಣ ಇದೇ. ಹಳ್ಳಿಯ ಮಗು ಹೈಸ್ಕೂಲಿನ ಬಾಗಿಲಿನಿಂದ ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಈ ಒಂದು ವಿಷಯ ತೀರ್ಮಾನಿಸುತ್ತಿತ್ತು.

ಸವಣೂರಿನ ಗೋಕಾಕರು ಮತ್ತು ಹೈದರಾಬಾದಿನ ಸಂಸ್ಥೆ

ಕಿವಿಯ ದಾರಿಯನ್ನು ಶಾಲೆಯೊಳಗೆ ತರುವ ವ್ಯವಸ್ಥಿತ ಪ್ರಯತ್ನ ಭಾರತದಲ್ಲಿ ನಡೆದದ್ದು 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ. ಆರಂಭದ ವರ್ಷಗಳಲ್ಲಿಯೇ ಅದರ ನಿರ್ದೇಶಕರಾಗಿ ಹೋದವರು ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು. ಆಕ್ಸ್‌ಫರ್ಡಿನಲ್ಲಿ ಓದಿದ ಕನ್ನಡ ಕವಿಯೊಬ್ಬರು ದೇಶದ ಇಂಗ್ಲಿಷ್ ಅಧ್ಯಾಪಕರ ತರಬೇತಿಯ ಹೊಣೆ ಹೊತ್ತದ್ದು ಆ ಕಾಲಕ್ಕೆ ಯಾರಿಗೂ ವಿಚಿತ್ರವಾಗಿ ಕಂಡಂತಿಲ್ಲ. ಇಂಗ್ಲಿಷಿನ ಭಾರತೀಯ ಸ್ಥಿತಿಗತಿಯನ್ನು ಕುರಿತ ಅವರ ಗ್ರಂಥ 1964ರಲ್ಲಿ ಹೊರಬಂದಿತು. ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾದದ್ದು 1963ರಲ್ಲಿ.

ಈ ಸಂಸ್ಥೆಗಳು ತಂದ ಬೋಧನಾಕ್ರಮವು ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಸಾಲಾಗಿ ಜೋಡಿಸಿ, ಪ್ರತಿಯೊಂದನ್ನೂ ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಆಡಿಸುವಂಥದು. ಟೇಪ್‌ರೆಕಾರ್ಡರು ಅದರ ಆಪ್ತ ಯಂತ್ರ. ಕಿವಿಗೆ ಕವಚ ಹಾಕಿಕೊಂಡು ಮಾದರಿ ಉಚ್ಚಾರವನ್ನು ಕೇಳಿ, ತನ್ನ ಉಚ್ಚಾರವನ್ನು ಮುದ್ರಿಸಿ, ಎರಡನ್ನೂ ಹೋಲಿಸುವ ಭಾಷಾ ಪ್ರಯೋಗಾಲಯ ಅದರ ಆದರ್ಶ. ಯಂತ್ರವು ದಣಿಯದೆ ನೂರು ಸಲ ಹೇಳಬಲ್ಲುದು ಎಂಬುದು ಅದರ ಹಿರಿಮೆ. ಮಗು ತಪ್ಪು ಹೇಳಿದಾಗ ಯಾವುದು ತಪ್ಪೆಂದು ಹೇಳಲು ಅದಕ್ಕೆ ಬಾರದು ಎಂಬುದು ಮಿತಿ. ಎಂಥ ಉಚ್ಚಾರ ಮಾದರಿಯಾಗಬೇಕು ಎಂಬ ಪ್ರಶ್ನೆಯೂ ಇತ್ತು. ಹೈದರಾಬಾದಿನ ಸಂಸ್ಥೆಯಿಂದ 1969ರಲ್ಲಿ ಪ್ರಕಟವಾದ ಆರ್. ಕೆ. ಬನ್ಸಲ್ ಅವರ ಅಧ್ಯಯನವು ಭಾರತೀಯರ ಇಂಗ್ಲಿಷ್ ಕೇಳುವವರಿಗೆ ಎಷ್ಟರಮಟ್ಟಿಗೆ ಅರ್ಥವಾಗುತ್ತದೆಂಬುದನ್ನು ಅಳೆಯಲು ಹೊರಟಿತು. ಲಂಡನ್ನಿನವರಂತೆ ಆಡಬೇಕೆಂಬ ಗುರಿಯ ಬದಲು ಅರ್ಥವಾಗುವಂತೆ ಆಡಬೇಕೆಂಬ ಗುರಿಗೆ ಶಾಸ್ತ್ರೀಯವಾದ ಬುನಾದಿ ದೊರೆತದ್ದು ಇಂಥ ಕೆಲಸದಿಂದ. ಟೇಶನ್ನು ಎನ್ನುವ ನಾಲಗೆಗೂ ಇದರಿಂದ ಕೊಂಚ ನ್ಯಾಯ ಸಿಕ್ಕಿತೆನ್ನಬೇಕು.

ಆದರೆ ಹೈದರಾಬಾದಿನ ಯಂತ್ರ ಹಳ್ಳಿಗೆ ಬರಲಿಲ್ಲ. ಬಂದದ್ದು ಅದರ ಮುಂದೆ ಕುಳಿತು ತರಬೇತಿ ಪಡೆದವರಿಂದ ತರಬೇತಿ ಪಡೆದವರ ಶಿಷ್ಯರು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುವಷ್ಟೇ ಆ ದನಿ ಮುಟ್ಟಿತು.

ಗೋಕಾಕರ ಹೆಸರು ಇಂದು ಕನ್ನಡಿಗರಿಗೆ ನೆನಪಾಗುವುದು 1981ರಲ್ಲಿ ಅವರ ಅಧ್ಯಕ್ಷತೆಯ ಸಮಿತಿ ಸಲ್ಲಿಸಿದ ವರದಿಯಿಂದ. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದ ಆ ವರದಿಯ ಜಾರಿಗಾಗಿ ನಡೆದ ಚಳವಳಿ ನಾಡನ್ನೇ ಅಲುಗಿಸಿತು. ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಕನ್ನಡ ವರದಿಯ ಕರ್ತೃವೂ ಒಬ್ಬರೇ ಆಗಿರುವುದನ್ನು ವಿರೋಧಾಭಾಸವೆಂದು ಹೇಳುವುದುಂಟು. ಹಾಗೆ ಕಾಣುವುದಕ್ಕೆ ಇಂಗ್ಲಿಷನ್ನು ಒಂದೋ ಪ್ರಥಮ ಭಾಷೆಯಾಗಿ ಹೊರಬೇಕು, ಇಲ್ಲವೆ ತೊರೆಯಬೇಕು ಎಂಬ ಎಣಿಕೆ ಕಾರಣ. ಎರಡನೆಯ ಭಾಷೆಯಾಗಿ, ಅದಕ್ಕೆ ತಕ್ಕ ಕ್ರಮದಿಂದ, ಬಲ್ಲ ಅಧ್ಯಾಪಕರಿಂದ ಕಲಿಸುವುದು ಮೂರನೆಯ ದಾರಿ. ಸವಣೂರಿನಲ್ಲಿ ಕನ್ನಡ, ಉರ್ದುಗಳನ್ನು ಒಟ್ಟಿಗೆ ಕೇಳಿ ಬೆಳೆಯುವ ಮಗುವಿಗೆ ಭಾಷೆಗಳು ಒಂದರ ಜಾಗವನ್ನೊಂದು ಕಸಿಯುತ್ತವೆಂದು ತೋರುವುದಿಲ್ಲ.

ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯನ್ನು ನೆಲೆಯಾಗಿಸಿಕೊಂಡು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ‘ಬೆಂಗಳೂರು ಯೋಜನೆ’ ಎಂದು ಜಗತ್ತಿನ ಭಾಷಾಬೋಧನೆಯ ಗ್ರಂಥಗಳಲ್ಲೆಲ್ಲ ಉಲ್ಲೇಖಗೊಂಡಿರುವ ಈ ಪ್ರಯೋಗದಲ್ಲಿ ವ್ಯಾಕರಣವನ್ನು ನೇರವಾಗಿ ಕಲಿಸದೆ, ರೈಲಿನ ವೇಳಾಪಟ್ಟಿ ಓದುವುದು, ನಕಾಶೆಯಲ್ಲಿ ದಾರಿ ಹುಡುಕುವುದು ಮುಂತಾದ ಬಿಡಿಸಬೇಕಾದ ಕೆಲಸಗಳನ್ನು ಕೊಡಲಾಯಿತು. ಅದು ಬಳಸಿದ ಸಲಕರಣೆ ಕಪ್ಪು ಹಲಗೆ, ಸೀಮೆಸುಣ್ಣ, ಕಾಗದ, ಪೆನ್ಸಿಲ್ಲು. ಸಾಮಾನ್ಯ ಶಾಲೆಯಲ್ಲಿ ಇಲ್ಲದ್ದನ್ನು ಅದು ಬೇಡಲಿಲ್ಲ. ಇಂಗ್ಲಿಷ್ ಬೋಧನೆಗೆ ಕರ್ನಾಟಕವು ಕೊಟ್ಟ ಅತ್ಯಂತ ಪ್ರಸಿದ್ಧ ಕೊಡುಗೆ ಯಂತ್ರವಿಲ್ಲದ ಕೋಣೆಯಿಂದ ಬಂದಿತು, ಅದರ ಜೀವಾಳ ಪ್ರಶ್ನೆ ಮತ್ತು ಉತ್ತರ. ಮುಂಡಿಗೆಯ ನೆನಪಾಗದೆ ಇರದು.

ರೇಡಿಯೋದ ಪ್ರಶ್ನೆ

ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಹಾವೇರಿ ಸೀಮೆಯ ಜನರ ದಿನಚರಿಯಲ್ಲಿ ಅದು ಪಡೆದ ಸ್ಥಾನವನ್ನು ಬೇರೆ ಯಾವ ಯಂತ್ರವೂ ಪಡೆದಿಲ್ಲ. ರೈತರ ಕಾರ್ಯಕ್ರಮ, ಜಾನಪದ ಗೀತೆ, ದಾಸರ ಪದ, ತತ್ವಪದಗಳನ್ನು ಅದು ಮನೆಮನೆಗೆ ಒಯ್ದಿತು. ಶಾಲೆಯ ಪಾಠಗಳ ವಿಷಯದಲ್ಲಿ ಮಾತ್ರ ಅದಕ್ಕೆ ಒಂದು ಹುಟ್ಟುದೋಷವಿತ್ತು. ರೇಡಿಯೋ ಹೇಳುತ್ತದೆ, ಕೇಳುವುದಿಲ್ಲ. ತರಗತಿ ಅರ್ಥಮಾಡಿಕೊಂಡಿತೇ ಎಂದು ನೋಡಿ ಮುಂದುವರಿಯಲು ಅದಕ್ಕೆ ಕಣ್ಣಿಲ್ಲ. ಬೀಜೋತ್ಪಾದನೆಯ ಹಂಗಾಮಿನಲ್ಲಿ ಮಕ್ಕಳು ಹೊಲದಲ್ಲಿದ್ದರೂ ಪ್ರಸಾರ ನಿಗದಿತ ಗಳಿಗೆಗೆ ಹೊರಟುಬಿಡುತ್ತದೆ. ತಪ್ಪಿದ ಪಾಠ ತಪ್ಪಿದಂತೆಯೇ.

ಈ ದೋಷಕ್ಕೆ ಒಂದು ಜಾಣತನದ ಪರಿಹಾರ ದೂರದ ದೇಶಗಳಲ್ಲಿ ದೊರಕಿತು. 1970ರ ದಶಕದ ನಡುವೆ ನಿಕರಾಗುವಾದಲ್ಲಿ ಗಣಿತಕ್ಕಾಗಿಯೂ, 1980ರಿಂದ 1985ರವರೆಗೆ ಕೀನ್ಯಾದಲ್ಲಿ ಇಂಗ್ಲಿಷಿಗಾಗಿಯೂ ನಡೆದ ಪ್ರಯೋಗಗಳಲ್ಲಿ ರೇಡಿಯೋದ ದನಿ ಪ್ರಶ್ನೆ ಕೇಳಿ ಕೆಲವು ಕ್ಷಣ ಮೌನವಾಗುತ್ತಿತ್ತು. ಆ ಮೌನದಲ್ಲಿ ಮಕ್ಕಳೆಲ್ಲ ಒಟ್ಟಾಗಿ ಉತ್ತರ ಹೇಳಬೇಕು. ಆಮೇಲೆ ದನಿ ಸರಿಯುತ್ತರವನ್ನು ನುಡಿದು ಮುಂದೆ ಸಾಗುತ್ತಿತ್ತು. ತರಗತಿಯ ಉಪಾಧ್ಯಾಯರು ಬದಿಯಲ್ಲಿದ್ದು ನಡೆಸಿಕೊಡುತ್ತಿದ್ದರು. ಕರ್ನಾಟಕದ ಶಾಲೆಗಳಿಗೆ ‘ಚಿನ್ನರ ಚುಕ್ಕಿ’ಯಂಥ ಕಾರ್ಯಕ್ರಮಗಳ ರೂಪದಲ್ಲಿ ಈ ಕ್ರಮ 2000ದ ದಶಕದಲ್ಲಿ ಬಂದಿತು, ‘ಕೇಳಿ ಕಲಿ’ ಎಂಬ ಪ್ರಸಾರವೂ ರಾಜ್ಯದ ಆಕಾಶವಾಣಿ ಕೇಂದ್ರಗಳಿಂದ ಶಾಲೆಗಳನ್ನು ತಲುಪಿತು.

ಶಿಕ್ಷಣತಜ್ಞರು ಇದನ್ನು ಹೊಸ ತಂತ್ರಜ್ಞಾನವೆಂದು ವರ್ಣಿಸಿದರು. ಜಾನಪದದ ಕಣ್ಣಿಗೆ ಇದು ಮುಮ್ಮೇಳ ಎತ್ತಿಕೊಟ್ಟು ಹಿಮ್ಮೇಳಕ್ಕೆ ಎಡೆ ಬಿಡುವ ಹಳೆಯ ಕ್ರಮವೇ. ಯಂತ್ರ ಅದೇ ಆಗಿದ್ದರೂ, ಕೆಲವು ಕ್ಷಣದ ಆ ಮೌನವೊಂದನ್ನು ಸೇರಿಸಿದ್ದರಿಂದ ಕೇಳುಗ ಮಗು ನುಡಿಯುವ ಮಗುವಾಯಿತು. ಆದರೂ ವ್ಯತ್ಯಾಸವೊಂದು ಉಳಿಯುತ್ತದೆ. ಡೊಳ್ಳಿನ ಮೇಳದಲ್ಲಿ ಹಿಮ್ಮೇಳ ತಪ್ಪಿದರೆ ಮುಮ್ಮೇಳ ಕಾಯುತ್ತದೆ. ರೇಡಿಯೋದ ಮೌನ ಮಾತ್ರ ಮೊದಲೇ ಅಳೆದಿಟ್ಟದ್ದು. ಕಾಯುವ ಕೆಲಸ ಬದಿಯಲ್ಲಿ ನಿಂತ ಉಪಾಧ್ಯಾಯರದು. ಅವರಿಗೆ ಆ ಭಾಷೆ ಬರದಿದ್ದರೆ ಮೌನ ಬರಿಯ ಮೌನವಾಗಿಯೇ ಕಳೆಯುತ್ತದೆ.

ಉಪಗ್ರಹದ ಹೊರವಲಯ, ಕಂಪ್ಯೂಟರಿನ ಕೋಣೆ

ಉಪಗ್ರಹಗಳ ಕತೆಯಲ್ಲಿ ಹಾವೇರಿ ಸೀಮೆ ಎರಡು ಬಾರಿ ವೃತ್ತದ ಹೊರಗೆ ಉಳಿಯಿತು. 1975–76ರಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ದದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಇಂಗ್ಲಿಷ್ ಕಲಿಕೆ ಅದರ ಮುಖ್ಯ ಗುರಿಯೂ ಆಗಿರಲಿಲ್ಲ. 2004ರ ಸೆಪ್ಟೆಂಬರ್ 20ರಂದು ಹಾರಿಬಿಟ್ಟ ಎಜುಸ್ಯಾಟ್ ಉಪಗ್ರಹದ ಪ್ರಾಥಮಿಕ ಶಾಲಾ ಪ್ರಯೋಗ ನಡೆದದ್ದು ಚಾಮರಾಜನಗರ ಜಿಲ್ಲೆಯ 885 ಶಾಲೆಗಳಲ್ಲಿ. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. ಹಿಂದುಳಿದ ಗಡಿಜಿಲ್ಲೆಗಳನ್ನು ಆಯ್ದದ್ದು ನ್ಯಾಯವೇ; ಆದರೆ ತೀರ ಹಿಂದುಳಿದದ್ದೂ ಅಲ್ಲದ, ಮುಂದುವರಿದದ್ದೂ ಅಲ್ಲದ ನಡುನಾಡು ಇಂಥ ಯೋಜನೆಗಳ ಕಣ್ಣಿಗೆ ಬೀಳುವುದು ಕಷ್ಟ.

ಕಂಪ್ಯೂಟರು ಮಾತ್ರ ಎಲ್ಲ ಜಿಲ್ಲೆಗಳಿಗೂ ಬಂದಿತು. 2001ರಲ್ಲಿ ರಾಜ್ಯ ಸರ್ಕಾರ ‘ಮಾಹಿತಿ ಸಿಂಧು’ ಯೋಜನೆಯಡಿ 1000 ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ಆರಂಭಿಸಿತು. ಯಂತ್ರವನ್ನೂ ಅದನ್ನು ಕಲಿಸುವವರನ್ನೂ ಖಾಸಗಿ ತರಬೇತಿ ಸಂಸ್ಥೆಗಳು ಒದಗಿಸಿದವು. ಯೋಜನೆಯ ರಚನೆಯಲ್ಲಿಯೇ ಒಂದು ಬಿರುಕು ಇತ್ತು. ಕಂಪ್ಯೂಟರು ಒಂದು ಬೇರೆ ವಿಷಯವಾಯಿತು, ಇಂಗ್ಲಿಷ್ ಕಲಿಸುವ ಉಪಾಧ್ಯಾಯರು ಅದರ ಹೊರಗುಳಿದರು. ಗುತ್ತಿಗೆ ಮುಗಿದಾಗ ಕಲಿಸುವವರು ಹೋದರು, ಯಂತ್ರ ಉಳಿಯಿತು. ಬೀಗ ಹಾಕಿದ ಕಂಪ್ಯೂಟರ್ ಕೋಣೆ, ವಿದ್ಯುತ್ತಿನ ಕಡಿತ, ಸತ್ತ ಬ್ಯಾಟರಿಗಳು ಆ ದಶಕದ ಗ್ರಾಮೀಣ ಶಾಲೆಗಳ ಸಾಮಾನ್ಯ ದೃಶ್ಯವಾದವು. ಇದಕ್ಕೆ ಹಳ್ಳಿಯ ಶಾಲೆಯ ಆಲಸ್ಯವನ್ನು ಕಾರಣವಾಗಿ ಹೇಳುವುದು ಅನ್ಯಾಯ. ಬಾಯಿಯಿದ್ದವರ ಕೈಗೆ ಯಂತ್ರ ಕೊಡದೆ, ಯಂತ್ರವಿದ್ದವರಿಗೆ ಪಾಠದ ಹೊಣೆ ಕೊಡದೆ ಇದ್ದುದರ ಫಲ ಅದು.

ಇದೇ ಕಾಲಕ್ಕೆ ಬೇಡಿಕೆ ಬೇರೆ ದಿಕ್ಕಿನಿಂದ ಏರುತ್ತಿತ್ತು. 2007–08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಲಾಯಿತು. ಶಿಕ್ಷಣ ಮಾಧ್ಯಮದ ಪ್ರಶ್ನೆಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿತು. 2019–20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಎಂಟನೆಯ ತರಗತಿಯಿಂದ ಒಂದನೆಯ ತರಗತಿಗೆ ಇಂಗ್ಲಿಷ್ ಇಳಿಯಲು ಸುಮಾರು ಆರು ದಶಕ ಹಿಡಿಯಿತು. ಒಂದನೆಯ ತರಗತಿಯ ಉಪಾಧ್ಯಾಯರ ಕಿವಿಗೆ ಇಂಗ್ಲಿಷ್ ಇಳಿಸುವ ಕೆಲಸಕ್ಕೆ ಸಿಕ್ಕಿದ್ದು ಕೆಲವು ದಿನಗಳ ತರಬೇತಿ. 2010ರ ದಶಕದಲ್ಲಿ ರಾಜ್ಯದ ಪ್ರೌಢಶಾಲಾ ಅಧ್ಯಾಪಕರಿಗಾಗಿ ಏರ್ಪಟ್ಟ ವಿಷಯ ಶಿಕ್ಷಕರ ವೇದಿಕೆ ಮತ್ತು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಗಳು ಈ ದೃಷ್ಟಿಯಿಂದ ಭಿನ್ನವಾದವು. ಅವು ಸಿದ್ಧ ಪಾಠವನ್ನು ಯಂತ್ರದಲ್ಲಿ ತುಂಬಿ ಕಳುಹಿಸುವ ಬದಲು, ಅಧ್ಯಾಪಕರೇ ಪಾಠಸಾಮಗ್ರಿಯನ್ನು ತಯಾರಿಸಿ ಪರಸ್ಪರ ಹಂಚಿಕೊಳ್ಳಲು ಅವಕಾಶ ಮಾಡಿದವು. ಯಂತ್ರದ ಬೆಲೆಗಿಂತ ಅದನ್ನು ಹಿಡಿದವರ ಸ್ವಾತಂತ್ರ್ಯ ಮುಖ್ಯವೆಂಬ ತಿಳಿವಳಿಕೆ ಇಲ್ಲಿ ಮೊದಲಬಾರಿಗೆ ಯೋಜನೆಯ ರೂಪ ಪಡೆಯಿತು ಎನ್ನಬಹುದು.

2020ರ ವಠಾರ

2020ರಲ್ಲಿ ಕೊರೋನಾ ಸೋಂಕಿನಿಂದ ಶಾಲೆಗಳು ಮುಚ್ಚಿದಾಗ ಈ ಎಲ್ಲ ಸಾಧನಗಳೂ ಒಟ್ಟಿಗೆ ಪರೀಕ್ಷೆಗೆ ಒಳಗಾದವು. ಜುಲೈ ತಿಂಗಳಿನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೆಯ ತರಗತಿಗಳಿಗೆ ‘ಸಂವೇದ’ ಪಾಠಗಳು ಬಿತ್ತರಗೊಂಡವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಆ ಯೋಜನೆ ಮಕ್ಕಳನ್ನು ಅವರ ಮನೆಯಲ್ಲಿದ್ದ ಯಂತ್ರದ ಪ್ರಕಾರ ಮೂರು ಗುಂಪು ಮಾಡಿತು: ಮೊಬೈಲೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಮೊಬೈಲು ಇದ್ದವರು, ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನು ಇದ್ದವರು. ಮಕ್ಕಳನ್ನು ಜಾತಿ, ವರ್ಗ, ಅಂಕಗಳಿಂದ ವಿಂಗಡಿಸಿದ ಚರಿತ್ರೆ ಈ ನಾಡಿಗೆ ಹಳೆಯದು. ಕೈಯಲ್ಲಿರುವ ಯಂತ್ರದಿಂದ ವಿಂಗಡಿಸಿದ ದಾಖಲೆ ಇದೇ ಮೊದಲಿರಬೇಕು.

ಮೂರನೆಯ ಗುಂಪಿನ ಮಗುವಿಗೆ ಇಂಗ್ಲಿಷಿನ ಯಾವ ದನಿ ಬೇಕಾದರೂ ಅಂಗೈಯಲ್ಲಿ ಸಿಗುತ್ತಿತ್ತು. ಗೋಕಾಕರ ಕಾಲದ ಭಾಷಾ ಪ್ರಯೋಗಾಲಯಕ್ಕಿಂತ ಸಮೃದ್ಧವಾದ ಸಾಧನ ಅದು. ಆದರೆ ಕಿವಿಗೆ ತಂತಿ ಸಿಕ್ಕಿಸಿಕೊಂಡ ಮಗು ಒಂಟಿ. ಅದು ತಪ್ಪಾಗಿ ಆಡಿದರೂ ಸರಿಯಾಗಿ ಆಡಿದರೂ ಕೇಳುವವರಿಲ್ಲ. ಮೊದಲ ಗುಂಪಿನ ಮಕ್ಕಳಿಗಾಗಿ ಉಪಾಧ್ಯಾಯರೇ ಊರೊಳಗೆ ಬರಬೇಕಾಯಿತು. ದೇವಸ್ಥಾನದ ಆವರಣ, ಸಮುದಾಯ ಭವನ, ಮರದ ಕೆಳಗಿನ ಕಟ್ಟೆ, ಯಾರದೋ ಮನೆಯ ಪಡಸಾಲೆ ತರಗತಿಗಳಾದವು. ಅವಕ್ಕೆ ‘ವಠಾರ ಶಾಲೆ’ ಎಂಬ ಹೆಸರೂ ಬಂದಿತು. ಯಂತ್ರವಿಲ್ಲದ ಗುಂಪಿಗೆ ಸಿಕ್ಕಿದ್ದು ಭಜನೆ ಕೂಡುವಂಥ ಕಟ್ಟೆಯೂ ಎದುರಿಗೆ ನಿಂತ ಒಬ್ಬ ಮನುಷ್ಯನೂ. ಬಡತನವನ್ನು ಇದರಿಂದ ಸಿಂಗರಿಸಬೇಕಾಗಿಲ್ಲ. ಆ ಮಕ್ಕಳು ಕಳೆದುಕೊಂಡದ್ದು ಬಹಳ. 2020ರ ಅಕ್ಟೋಬರಿನಲ್ಲಿ ಸೋಂಕಿನ ಆತಂಕದಿಂದ ವಿದ್ಯಾಗಮವನ್ನು ನಿಲ್ಲಿಸಲಾಯಿತು. 2021ರ ಜನವರಿಯಲ್ಲಿ ಅದು ಮತ್ತೆ ಆರಂಭವಾದದ್ದು ಶಾಲೆಯ ಆವರಣದಲ್ಲಿ, ಮೂರೂ ಗುಂಪಿನ ಮಕ್ಕಳಿಗೆ ಒಂದೇ ಕಪ್ಪು ಹಲಗೆಯ ಮುಂದೆ.